ಕಾರಣ ಕೇಳದ ಸರ್ಕಾರ

ಫೆಬ್ರವರಿಯಲ್ಲೇ ಟ್ಯಾಕ್ಸ್ ಫೈಲ್ ಮಾಡಿ, ಮಾರ್ಚಿನಲ್ಲಿ ರೀಫಂಡ್ ಎಣಿಸಿಕೊಂಡು, ಏಪ್ರಿಲ್ ಬಂತೆಂದರೆ "ನಿಮ್ದಿನ್ನೂ ಆಗಿಲ್ವಾ?" ಎಂದು ಹುಬ್ಬೇರಿಸುವವರು ನಮ್ಮ ನ್ಯೂಜೆರ್ಸಿಯ ಕನ್ನಡಿಗರಲ್ಲಿ ಬೇಕಾದಷ್ಟಿದ್ದಾರೆ. ಬೇಸಿಗೆ ರಜೆಯ ಕಾಪಿ ಬರಹವನ್ನು ಮೊದಲ ವಾರದಲ್ಲೇ ಮುಗಿಸಿ ನಮಗೆಲ್ಲ ಏಟು ತಿನ್ನಿಸಿದವರು ಇವರೇ ಇರಬೇಕು ಅಂತ ನನ್ನ ಗುಮಾನಿ. ನಾನು ಏಪ್ರಿಲ್ 15ರವನು. ಅದರಲ್ಲೂ ರಾತ್ರಿ ಊಟವಾದ ಮೇಲಿನವನು.

ಈ ಸಲ ನನ್ನ ಹತ್ತಿರ ಸಕಾರಣವಿತ್ತು. ಊರಿನ ಬ್ಯಾಂಕಿನಲ್ಲಿ ಅಮ್ಮನ ಎಫ್‌ಡಿಗಳಿಗೆ ನನ್ನ ಹೆಸರೂ ಜಂಟಿಯಾಗಿದೆ. ನನ್ನದೇ ಒಂದಿಷ್ಟು ಬೇರೆ ಇದೆ. ಹೊರದೇಶದ ಖಾತೆಗಳಲ್ಲಿ ಒಟ್ಟು 10,000 ಡಾಲರ್ ವರ್ಷದಲ್ಲಿ ಒಂದೇ ಒಂದು ದಿನ ದಾಟಿದರೂ ಎಫ್‌ಬಾರ್ ಎಂಬ ವರದಿ ಒಪ್ಪಿಸಬೇಕು. ಅದಕ್ಕೇನೋ ಕೇಳದೆಯೇ ಅಕ್ಟೋಬರ್ 15ರ ತನಕ ಸಮಯವಿದೆ. ಆದರೆ ರಿಟರ್ನಿಗೆ ಬಡ್ಡಿಯ ಲೆಕ್ಕ ಬೇಕಲ್ಲ! ಅಮೆರಿಕಕ್ಕೆ ವರ್ಷವೆಂದರೆ ಜನವರಿಯಿಂದ ಡಿಸೆಂಬರ್, ನಮ್ಮ ಬ್ಯಾಂಕಿಗೆ ಏಪ್ರಿಲ್‌ನಿಂದ ಮಾರ್ಚ್. ಫೋನ್ ಮಾಡಿದರೆ, "ಸಾರ್, ಹಂಗೆಲ್ಲ ಸಿಸ್ಟಮ್ಮಲ್ಲಿ ಬರಲ್ಲ. ಮ್ಯಾನೇಜರ್ ಬಂದ್ಮೇಲೆ ಮಾಡಿ." ಮ್ಯಾನೇಜರ್ ಯಾವಾಗ ಬರ್ತಾರೆ? "ಈಗಷ್ಟೇ ಹೋದ್ರು."

ಹೀಗಾಗಿ ಗಡುವು ಮುಂದೂಡಲು ಅರ್ಜಿ. 4868 ನಂಬರಿನ ಫಾರಂ, ಆನ್‌ಲೈನಿನಲ್ಲೇ ಕಳಿಸಬಹುದು. ಫಾರಂ ತೆರೆಯುವ ಮೊದಲೇ ನಾನು ಕಾರಣ ಬರೆಯಲು ಕೂತೆ. ಕಾರಣವಿಲ್ಲದೆ ಬಾತ್‌ರೂಮಿಗೂ ಬಿಡದ ಶಾಲೆಯಲ್ಲಿ ಓದಿದವನು ನಾನು. "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರು ಮಾಡದಿದ್ದರೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ. ಜ್ವರ ಎಂದು ಬರೆದೆ. ಡಾಕ್ಟರ್ ಸರ್ಟಿಫಿಕೇಟ್ ಕೇಳಿಯಾರೆಂದು ಹೊಡೆದುಹಾಕಿದೆ. ತಂಗಿಯ ಮದುವೆ ಎಂದೆ. ಮದುವೆಯ ಖರ್ಚಿಗೆ ದುಡ್ಡು ಎಲ್ಲಿಂದ ಬಂತು ಎಂದರೆ? ಅಮ್ಮನ ಬಿಪಿಯನ್ನು ಎಳೆದು ತರುವಷ್ಟರಲ್ಲಿ ನನ್ನಾಕೆ ಇಣುಕಿ, "ಬಿಡ್ತು ಅನ್ನಿ!" ಎಂದಳು. ಕೊನೆಗೆ ನಿಜವನ್ನೇ ಬರೆಯೋಣವೆಂದು ಏಪ್ರಿಲ್-ಮಾರ್ಚ್ ಪುರಾಣ, ಸಿಸ್ಟಮ್ಮು, ಮ್ಯಾನೇಜರ್ ಎಲ್ಲ ಸೇರಿಸಿ ಒಂದು ಪುಟ ತುಂಬಿಸಿದೆ. ಓದಿದರೆ ಅದೇ ಎಲ್ಲಕ್ಕಿಂತ ದೊಡ್ಡ ಸುಳ್ಳಿನ ಹಾಗೆ ಕಾಣಿಸಿತು. ನಂಬಿಕೆ ಬರಲಿ ಎಂದು ಜ್ವರವನ್ನೂ ಸ್ವಲ್ಪ ಬೆರೆಸಿದೆ.

ಆಮೇಲೆ ಫಾರಂ ತೆರೆದೆ. ಹೆಸರು, ವಿಳಾಸ, ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದಾಜು ತೆರಿಗೆ, ಈಗಾಗಲೇ ಕಟ್ಟಿದ್ದು, ಬಾಕಿ. ಕಾರಣದ ಕಾಲಂ ಇಲ್ಲ! ಮೇಲೆ ಹೋದೆ, ಕೆಳಗೆ ಬಂದೆ, ಬ್ರೌಸರ್ ಬದಲಿಸಿದೆ. ಕಾರಣ ಹೇಳಬೇಕಾಗಿಲ್ಲ, ಅರ್ಜಿ ತಿರಸ್ಕಾರವಾದರೆ ಮಾತ್ರ ತಿಳಿಸುತ್ತೇವೆ ಎಂದು ಸೂಚನೆಗಳಲ್ಲೇ ಬರೆದಿದ್ದರು. ಇಷ್ಟು ಹೊತ್ತು ಬೆನ್ನು ಬಗ್ಗಿಸಿ ವಿನಂತಿಸಿಕೊಂಡ ನನಗೆ ಅವಮಾನವಾಯಿತು. ಕೊನೆಯಲ್ಲಿ ಟಿಕ್ ಮಾಡುವ ಒಂದು ಚೌಕ ಇತ್ತು: ನೀವು ದೇಶದ ಹೊರಗಿದ್ದೀರಾ? ಇದ್ದೀನಲ್ಲಪ್ಪ, ಎಷ್ಟೋ ವರ್ಷದಿಂದ! ಮೌಸ್ ಚೌಕದ ಮೇಲೆ ಹೋಗಿ ನಿಂತೇಬಿಟ್ಟಿತ್ತು. ಅವರು ಕೇಳುತ್ತಿರುವುದು ಅಮೆರಿಕದ ಹೊರಗೆ ಎಂಬುದು ನೆನಪಾಗಿ ಕೈ ಹಿಂದಕ್ಕೆ ತೆಗೆದೆ.

ಇಷ್ಟೊಂದು ಔದಾರ್ಯ ಯಾಕೆಂದು ಆಮೇಲೆ ತಿಳಿಯಿತು. ಸಮಯ ಕೊಡುವುದು ರಿಟರ್ನ್ ಒಪ್ಪಿಸಲಿಕ್ಕೆ ಮಾತ್ರ; ದುಡ್ಡನ್ನು ಏಪ್ರಿಲ್ 15ರೊಳಗೇ ಅಂದಾಜು ಮಾಡಿ ಕಟ್ಟಬೇಕು. ಇಲ್ಲದಿದ್ದರೆ ತಿಂಗಳಿಗೆ ಶೇಕಡಾ ಅರ್ಧ ದಂಡ, ಮೇಲೆ ಬಡ್ಡಿ. ಅರ್ಜಿಯನ್ನೂ ಹಾಕದೆ ರಿಟರ್ನನ್ನೂ ಕೊಡದೆ ಕೂತರೆ ಬಾಕಿಯ ಮೇಲೆ ತಿಂಗಳಿಗೆ ಶೇಕಡಾ 5, ಹೀಗೆ 25ರವರೆಗೆ. ದುಡ್ಡು ಇಟ್ಟು ಹೋಗುವವನ ಕಾರಣ ಯಾರಿಗೆ ಬೇಕು? ಕಟ್ಟಿದೆ, ಕಳಿಸಿದೆ. ಅಕ್ಟೋಬರ್ 15ರವರೆಗೆ ಆರು ತಿಂಗಳು ಮಂಜೂರಾಯಿತು.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಆಫೀಸಿಗೆ ಹೀಗೇ ಕಾರಣ ಬರೆದು ರಜೆ ಕೇಳಿದ್ದೆ. ಆಗ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಒಂದು ವಾರ ಸಿಕ್ಕಿತು. ಜಂಟಿ ಖಾತೆಯ ಫಾರಂಗೆ ಅಪ್ಪ ನನ್ನ ಸಹಿ ಹಾಕಿಸಿಕೊಂಡದ್ದು ಆ ವಾರದಲ್ಲೇ. "ಆಮೇಲೆ ಅಮ್ಮನಿಗೆ ಓಡಾಟ ಆಗಬಾರದು ನೋಡು" ಎಂದಿದ್ದರು. ಇನ್ನೊಂದು ವಾರ ಕೇಳಿದೆ, ಕೊಡಲಿಲ್ಲ. ಅಪ್ಪನೂ ಕಾಯಲಿಲ್ಲ.

ಮರುದಿನ ಅಮ್ಮನಿಗೆ ಫೋನಿನಲ್ಲಿ ಸಾಹಸವನ್ನೆಲ್ಲ ವರ್ಣಿಸಿದೆ. ಅವಳ ಕಿವಿಗೆ ಬಿದ್ದದ್ದು ಆರು ತಿಂಗಳು ಎಂಬುದೊಂದೇ.

"ಹಂಗಾದ್ರೆ ಗಣಪತಿ ಹಬ್ಬಕ್ಕೆ ಬಂದ್ಬಿಡು. ಬ್ಯಾಂಕಿನೋರು ಕೆವೈಸಿಗೆ ನೀನೇ ಬರ್ಬೇಕು ಅಂತಿದಾರೆ."

"ಅದು ಟ್ಯಾಕ್ಸ್‌ಗೆ ಕೊಟ್ಟಿರೋ ಟೈಮಮ್ಮ, ಊರಿಗೆ ಬರೋಕಲ್ಲ. ಬರೋಕಾಗಲ್ಲ."

"ಯಾಕೆ?"

ಜ್ವರ, ತಂಗಿಯ ಮದುವೆ, ಬಿಪಿ, ಸಿಸ್ಟಮ್ಮು... ಅಮ್ಮನ ಮುಂದೆ ಒಂದೂ ನಡೆಯುವಂಥದ್ದಲ್ಲ. ಟಿಕೆಟ್ ರೇಟು ನೋಡ್ತಾ ಇದ್ದೀನಿ. ದುಬಾರಿಯಾಗಿದೆ, ಆದರೆ ಅದೂ ಕಾರಣವಾಗಲಾರದು.