ಜೊಂಬಿ ಪುಸ್ತಕ ಮನೆಗೆ ಬಂದಾಗ: ದೊಡ್ಡವರಿಗೊಂದು ಕೈಪಿಡಿ

ಬಳಕೆಗೆ ಮುನ್ನ ಪೂರ್ತಿ ಓದಿಕೊಳ್ಳಿ. ಮಕ್ಕಳ ಕೈಗೆ ಸಿಕ್ಕರೂ ಪರವಾಗಿಲ್ಲ.

ನಿಮ್ಮ ಮನೆಯಲ್ಲಿ ಹದಿಮೂರರ ಆಸುಪಾಸಿನ ಮಗುವೊಂದು ಊಟಕ್ಕೆ ಕರೆದರೂ ಏಳದೆ, ರಕ್ತ ಮೆತ್ತಿದ ಕೈಯ ಚಿತ್ರವಿರುವ ದಪ್ಪ ಪುಸ್ತಕದಲ್ಲಿ ಮುಳುಗಿದ್ದರೆ ಈ ಕೈಪಿಡಿ ನಿಮಗೆ. ಪುಸ್ತಕ ಕಿತ್ತುಕೊಳ್ಳಬೇಡಿ. ‘ಇದನ್ನೆಲ್ಲ ಓದಿದರೆ ರಾತ್ರಿ ಕೆಟ್ಟ ಕನಸು ಬೀಳುತ್ತೆ’ ಎಂದು ಹೆದರಿಸಲೂ ಬೇಡಿ. ಅದು ಓದುತ್ತಿರುವುದೇ ಹೆದರಿಕೆ ಬೇಕಾಗಿ.

ಸೂಚನೆ ಒಂದು: ಮೊದಲು ನೀವು ಸಾಯಬೇಕು. ಬೇಸರ ಮಾಡಿಕೊಳ್ಳಬೇಡಿ, ಕಥೆ ಶುರುವಾಗುವುದೇ ಅಲ್ಲಿಂದ. ಇಂಗ್ಲೆಂಡಿನ ಚಾರ್ಲಿ ಹಿಗ್ಸನ್ ಬರೆದು 2009ರಲ್ಲಿ ಹೊರಬಂದ ‘ದಿ ಎನಿಮಿ’ ಕಾದಂಬರಿಯಲ್ಲಿ 14 ದಾಟಿದವರಿಗೆಲ್ಲ ಕಾಯಿಲೆ ಬಡಿಯುತ್ತದೆ. ಎಷ್ಟೋ ಜನ ಸಾಯುತ್ತಾರೆ. ಉಳಿದವರು ಮೈ ಕೊಳೆತು, ಬುದ್ಧಿ ಕೆಟ್ಟು, ಮಕ್ಕಳನ್ನು ಹಿಡಿದು ತಿನ್ನಲು ಲಂಡನ್ನಿನ ಬೀದಿಗಳಲ್ಲಿ ಅಲೆಯುತ್ತಾರೆ. ಹಾಲೋವೇ ರಸ್ತೆಯ ವೇಟ್‌ರೋಸ್ ಸೂಪರ್‌ಮಾರ್ಕೆಟ್ಟಿನೊಳಗೆ ಒಂದಷ್ಟು ಮಕ್ಕಳು ಬಾಗಿಲು ಭದ್ರ ಮಾಡಿಕೊಂಡು ಜೀವ ಹಿಡಿದುಕೊಂಡಿದ್ದಾರೆ. ಹಿಂದಿನ ಕಾರ್ ಪಾರ್ಕಿಂಗಿನಲ್ಲಿ ಆಡುತ್ತಿದ್ದ ಪುಟ್ಟ ಸ್ಯಾಮ್‌ನನ್ನು ದೊಡ್ಡವರು ಹೊತ್ತೊಯ್ಯುವಲ್ಲಿ ಕಾದಂಬರಿಯ ಮೊದಲ ಪುಟ. ಮಕ್ಕಳು ಆ ರಾಕ್ಷಸರಿಗೆ ಕೊಟ್ಟಿರುವ ಹೆಸರು ‘ಅಮ್ಮಂದಿರು’, ‘ಅಪ್ಪಂದಿರು’. ಇಲ್ಲಿಗೆ ಬಂದಾಗ ಮಗು ನಿಮ್ಮತ್ತ ವಾರೆಗಣ್ಣಿನಲ್ಲಿ ನೋಡಿದರೆ, ಏನೂ ಅರಿಯದವರಂತೆ ಕಾಫಿ ಕುಡಿಯುತ್ತಿರಿ.

ಈ ಸಾಮೂಹಿಕ ಹತ್ಯೆಗೆ ಕಾರಣವಿದೆ. ಎಷ್ಟು ಹೊತ್ತಿಗೆ ಏಳಬೇಕು, ಯಾವ ಟ್ಯೂಷನ್ನಿಗೆ ಹೋಗಬೇಕು, ಯಾರ ಸಹವಾಸ ಬಿಡಬೇಕು ಎಂಬುದೆಲ್ಲ ಆ ವಯಸ್ಸಿನಲ್ಲಿ ಬೇರೆಯವರ ಅಪ್ಪಣೆ. ಜೊಂಬಿ ಬಂದ ಮರುದಿನ ಶಾಲೆಯೂ ಇಲ್ಲ, ಅಂಕಪಟ್ಟಿಯೂ ಇಲ್ಲ. ಕ್ಯಾಟರ್‌ಬಿಲ್ಲಿನಲ್ಲಿ ಗುರಿ ತಪ್ಪದ ಆಲಿಯಂಥವನೇ ಈಗ ದೊಡ್ಡ ಮನುಷ್ಯ. ನಾಯಕ ಆರನ್ ಸತ್ತಾಗ ಮ್ಯಾಕ್ಸಿ ಎಂಬ ಹುಡುಗಿ ಪಡೆಯ ಹೊಣೆ ಹೊರುತ್ತಾಳೆ, ಅಳುವುದಕ್ಕೂ ಪುರುಸೊತ್ತಿಲ್ಲದೆ. ನನ್ನ ಮಟ್ಟಿಗೆ ರಕ್ತಮಾಂಸವೆಲ್ಲ ಬರೀ ಒಗ್ಗರಣೆ; ಮಕ್ಕಳ ಬಾಯಲ್ಲಿ ನೀರೂರಿಸುವುದು ಈ ಯಜಮಾನಿಕೆ.

ಆದರೆ ಹಿಗ್ಸನ್ ಪುಕ್ಕಟೆ ಯಜಮಾನಿಕೆ ಕೊಡುವ ಆಸಾಮಿಯಲ್ಲ. ಸುರಕ್ಷಿತ ಜಾಗವೆಂದು ನಂಬಿ ಮಕ್ಕಳು ಬಕಿಂಗ್‌ಹ್ಯಾಮ್ ಅರಮನೆ ತಲುಪಿದರೆ, ಅಲ್ಲಿ ಡೇವಿಡ್ ಎಂಬ ಹುಡುಗ ಆಗಲೇ ದರ್ಬಾರು ನಡೆಸುತ್ತಿರುತ್ತಾನೆ. ಕಾವಲುಗಾರರಿದ್ದಾರೆ, ತೋಟದ ಕೆಲಸದ ಹಂಚಿಕೆಯಿದೆ, ಅವನ ಮಾತೇ ಕಾನೂನು. ದೊಡ್ಡವರನ್ನೆಲ್ಲ ಕಳೆದುಕೊಂಡ ಮಕ್ಕಳು ತಮ್ಮೊಳಗಿಂದಲೇ ಒಬ್ಬ ಹೆಡ್‌ಮಾಸ್ಟರನ್ನು ತಯಾರು ಮಾಡಿಕೊಂಡಿದ್ದಾರೆ! ಈ ಅಧ್ಯಾಯಗಳನ್ನು ಮಗು ನಿಧಾನವಾಗಿ ಓದಲಿ.

ಸೂಚನೆ ಎರಡು: ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯಬೇಡಿ. ನಮ್ಮ ಊರಿನ ದೆವ್ವಕ್ಕೆ ಅಕ್ಷರ ಬರುತ್ತಿತ್ತು, ಓದಿಕೊಂಡು ಮರ್ಯಾದೆಯಿಂದ ವಾಪಸಾಗುತ್ತಿತ್ತು. ಜೊಂಬಿ ನಿರಕ್ಷರಕುಕ್ಷಿ. ಅದಕ್ಕೆ ಬೇರೆಯೇ ಉಪಾಯ ಬೇಕು, ಅದನ್ನು ಮ್ಯಾಕ್ಸ್ ಬ್ರೂಕ್ಸ್ 2003ರಲ್ಲೇ ‘ದಿ ಜೊಂಬಿ ಸರ್ವೈವಲ್ ಗೈಡ್’ನಲ್ಲಿ ಬರೆದಿಟ್ಟಿದ್ದಾರೆ. ಮಹಡಿ ಹತ್ತಿ, ಹತ್ತಿದ ಮೇಲೆ ಮೆಟ್ಟಿಲು ಒಡೆದುಹಾಕಿ. ಕಾರು ಬಿಟ್ಟು ಸೈಕಲ್ ಹಿಡಿಯಿರಿ. ಹಾಸ್ಯನಟ, ನಿರ್ದೇಶಕ ಮೆಲ್ ಬ್ರೂಕ್ಸ್ ಅವರ ಮಗ ಈತ. ಆದರೂ ಇಡೀ ಪುಸ್ತಕದಲ್ಲಿ ತುಟಿಯಂಚಿನಲ್ಲೂ ನಗು ಸುಳಿಯಗೊಡುವುದಿಲ್ಲ. ಹುಡುಗರಿಗೆ ಇಷ್ಟವಾಗುವುದು ಈ ಗಾಂಭೀರ್ಯವೇ. ಅವರ ಪ್ರಶ್ನೆಗೆ ಕೊನೆಗೂ ಒಬ್ಬರು ‘ಹೋಗಿ ಓದ್ಕೋ’ ಅನ್ನದೆ ಉತ್ತರ ಕೊಟ್ಟಿದ್ದಾರೆ.

ಎಚ್ಚರಿಕೆ: ಮಗುವಿನ ಮೇಲೆ ಕೈಯೆತ್ತಲಾರದ ತಾಯಿ ಈ ಕಥೆಗಳಲ್ಲಿ ಉಳಿಯುವುದಿಲ್ಲ. ಜಾರ್ಜ್ ರೊಮೆರೊ 1968ರಲ್ಲಿ ತೆಗೆದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಸಿನಿಮಾದಲ್ಲಿ ನೆಲಮಾಳಿಗೆಯ ದೃಶ್ಯವೊಂದಿದೆ. ಕಚ್ಚಿಸಿಕೊಂಡ ಪುಟ್ಟ ಹುಡುಗಿ ಸತ್ತು ಎದ್ದಿದ್ದಾಳೆ, ಕೈಯಲ್ಲಿ ಗಾರೆ ಕರಣೆ. ಅಮ್ಮ ಹಿಂದೆ ಸರಿಯುತ್ತಾಳೆ, ಮಗಳೇ ಎಂದು ಕರಗುತ್ತಾಳೆ, ತಿರುಗಿ ಹೊಡೆಯುವುದಿಲ್ಲ. ಆ ಕರಣೆಯೇಟಿಗೇ ಸಾಯುತ್ತಾಳೆ. ಆ ಸಿನಿಮಾ ಹೆದರಿದ್ದು ಮಕ್ಕಳಿಗೆ. ನಾಲ್ಕು ದಶಕ ಕಳೆದು ಹಿಗ್ಸನ್ ಕಡೆಗೆ ಬಂದರೆ ಅದೇ ಭಯ ತಿರುವುಮುರುವು: ಎದುರಿಗೆ ನಿಂತಿರುವ ಅಪ್ಪ ಅಪ್ಪನಾಗಿ ಉಳಿದಿಲ್ಲ, ಈಗ ಕೈಯೆತ್ತಬೇಕಾದದ್ದು ಮಗು. ಹದಿಹರೆಯದವರಿಗೆ ಇದು ತೀರಾ ಅಪರಿಚಿತ ಸಂಗತಿಯೇನಲ್ಲ. ನಿನ್ನೆಯವರೆಗೆ ಎಲ್ಲ ಬಲ್ಲವರಾಗಿದ್ದ ಅಪ್ಪ ಅಮ್ಮ ಇದ್ದಕ್ಕಿದ್ದಂತೆ ಬೇರೆ ಯಾರೋ ಅನ್ನಿಸುವ ವಯಸ್ಸು ಅದು.

ಇದೆಲ್ಲ ಕಾಲಹರಣ ಎಂದು ಇನ್ನೂ ಅನ್ನಿಸಿದರೆ: ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2011ರ ಮೇ ತಿಂಗಳಲ್ಲಿ ಜೊಂಬಿ ದಾಳಿಗೆ ಸಜ್ಜಾಗುವುದು ಹೇಗೆಂದು ಸಾರ್ವಜನಿಕರಿಗೆ ತಿಳಿಸಿತು. ನೀರು, ಆಹಾರ, ಔಷಧಿ ತೆಗೆದಿಡಿ. ಮನೆಯವರು ಚದುರಿಹೋದರೆ ಎಲ್ಲಿ ಸೇರಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಸಲಹೆಯ ನಿಜವಾದ ಗುರಿ ಚಂಡಮಾರುತ, ಭೂಕಂಪ. ಓದಲು ಜನ ಮುಗಿಬಿದ್ದ ರಭಸಕ್ಕೆ ಸರ್ವರ್ ಕುಸಿಯಿತು.

ಕೊನೆಯ ಸೂಚನೆ: ಇವತ್ತು ಊಟದ ಹೊತ್ತಿಗೆ ‘ಜೊಂಬಿ ಬಂದರೆ ನಾವು ಎಲ್ಲಿಗೆ ಓಡೋಣ?’ ಎಂದು ಮಗುವನ್ನೇ ಕೇಳಿ. ಉತ್ತರ ಸಿದ್ಧವಿರುತ್ತದೆ. ಮಧ್ಯೆ ಬಾಯಿ ಹಾಕಬೇಡಿ, ತಿದ್ದಬೇಡಿ, ‘ನಿಂಗೇನು ಗೊತ್ತು’ ಅನ್ನಬೇಡಿ. ಆಮೇಲೆ ಪುಸ್ತಕ ಕೇಳಿ ಪಡೆದು ನೀವೂ ಓದಿ. ಹಿಗ್ಸನ್ ಸರಣಿಯಲ್ಲಿ ಒಟ್ಟು ಏಳು ಕಾದಂಬರಿಗಳಿವೆ, ಕೊನೆಯದು 2015ರಲ್ಲಿ ಬಂತು. ಒಂದು ಬೇಸಿಗೆ ರಜೆಗೆ ಧಾರಾಳವಾಯಿತು.