ಗ್ಲೋಬಲಪ್ಪನವರು

ಎಂಬೆಡೆಡ್ ಸಾಫ್ಟ್‌ವೇರ್ ಬರೆಯುವ ಯಾವ ಕಂಪನಿಗೆ ಹೋದರೂ ಅಲ್ಲೊಬ್ಬರು ಗ್ಲೋಬಲಪ್ಪನವರು ಇದ್ದೇ ಇರುತ್ತಾರೆ. ಪೀಣ್ಯದಲ್ಲಿ ನೀರಿನ ಪಂಪಿಗೆ ಕಂಟ್ರೋಲರ್ ಮಾಡುವ ಶೀಟಿನ ಶೆಡ್ಡಿನಲ್ಲೂ ಸಿಗುತ್ತಾರೆ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡದಲ್ಲೂ ಸಿಗುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಇದು ಅವರ ಕೋಡ್ ಓದಬೇಕಾಗಿ ಬಂದವರು ಇಟ್ಟ ಹೆಸರು. ಗುರುತು ಹಿಡಿಯುವುದು ಕಷ್ಟವಲ್ಲ. ಅವರ ಪ್ರಾಜೆಕ್ಟಿನಲ್ಲಿ ‘ಗ್ಲೋಬಲ್ಸ್’ ಎಂಬ ಒಂದು ಹೆಡರ್ ಫೈಲ್ ಇರುತ್ತದೆ. ಉಳಿದ ಫೈಲುಗಳೆಲ್ಲ ಮೊದಲ ಸಾಲಿನಲ್ಲೇ ಅದಕ್ಕೊಂದು ನಮಸ್ಕಾರ ಹಾಕಿ ಮುಂದೆ ಹೋಗುತ್ತವೆ. ಅದರೊಳಗೆ ಫ್ಲ್ಯಾಗ್, ಫ್ಲ್ಯಾಗ್1, ಫ್ಲ್ಯಾಗ್2 ಎಂದು ಅಣ್ಣತಮ್ಮಂದಿರು ಸಾಲಾಗಿ ನಿಂತಿರುತ್ತಾರೆ. ಟೆಂಪ್ ಎಂಬುದು ಸೆನ್ಸರ್ ಅಳೆದ ಉಷ್ಣತೆಯೋ, ನಿಮಿಷದ ಮಟ್ಟಿಗೆ ಬೇಕಾಗಿದ್ದ ಜಾಗವೋ ತಿಳಿಯದು. ಹೊಸದಾಗಿ ಸೇರಿದ ಹುಡುಗಿ, “ಸಾರ್, ಈ ಫ್ಲ್ಯಾಗ್3 ಯಾತಕ್ಕೆ?” ಎಂದು ಕೇಳಿದರೆ ಉತ್ತರ ಸಿದ್ಧ: “ಅದನ್ನ ಮಾತ್ರ ಮುಟ್ಟಬೇಡಮ್ಮ. 2014ರಿಂದ ಇದೆ, ಕೆಲಸ ಮಾಡ್ತಾ ಇದೆ.” ಯಾವ ಕೆಲಸ ಎಂಬುದು ಆ ಉತ್ತರದಲ್ಲಿ ಸೇರಿರುವುದಿಲ್ಲ.

ಇಂಥವರನ್ನು ಸೋಮಾರಿ ಎಂದೋ ತಿಳಿಯದವರು ಎಂದೋ ಬೈದು ಮುಗಿಸುವುದು ರೂಢಿ. ಅದು ನ್ಯಾಯವಲ್ಲ, ಏಕೆಂದರೆ ಅವರನ್ನು ಬೆಳೆಸಿದ್ದು ಸಿ ಭಾಷೆಯೇ. ಒಂದು ಹೆಸರು ಪ್ರೋಗ್ರಾಮಿನ ಯಾವ ಭಾಗದಲ್ಲಿ ಕಾಣಿಸುತ್ತದೆ ಎಂಬುದು ಸ್ಕೋಪ್. ಬೇರೆ ಬೇರೆ ಫೈಲುಗಳಲ್ಲಿ ಬಂದ ಅದೇ ಹೆಸರು ಒಂದೇ ವಸ್ತುವನ್ನು ತೋರಿಸುತ್ತದೆಯೇ ಎಂಬುದು ಲಿಂಕೇಜ್. ಫಂಕ್ಷನ್ನಿನ ಹೊರಗೆ ಒಂದು ವೇರಿಯಬಲ್ ಬರೆದು ಸುಮ್ಮನಿದ್ದುಬಿಟ್ಟರೆ ಸಿ ಭಾಷೆ ಅದಕ್ಕೆ ಎಕ್ಸ್‌ಟರ್ನಲ್ ಲಿಂಕೇಜ್ ಕೊಡುತ್ತದೆ. ಎಂದರೆ ಇಡೀ ಪ್ರೋಗ್ರಾಮಿನಲ್ಲಿ ಯಾರು ಬೇಕಾದರೂ ಅದನ್ನು ಕೈಗೆತ್ತಿಕೊಳ್ಳಬಹುದು. ಬೇಡ, ಇದು ಈ ಫೈಲಿಗಷ್ಟೇ ಎನ್ನುವವರು ಮುಂದೆ ‘ಸ್ಟ್ಯಾಟಿಕ್’ ಎಂದು ಪ್ರಯತ್ನಪಟ್ಟು ಬರೆಯಬೇಕು. ಹೀಗೆ ಬಚ್ಚಿಡುವುದಕ್ಕೆ ಆರು ಅಕ್ಷರ ಟೈಪ್ ಮಾಡಬೇಕು, ಬೀದಿಗೆ ಬಿಡುವುದಕ್ಕೆ ಏನೂ ಬೇಡ. ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಈ ಭಾಷೆ ಕಟ್ಟಿದಾಗ ಅದನ್ನು ಬಳಸುತ್ತಿದ್ದವರು ಒಬ್ಬರ ಮುಖ ಒಬ್ಬರಿಗೆ ಗೊತ್ತಿದ್ದ ಕೆಲವೇ ಜನ. ಆ ಸಲಿಗೆ ಭಾಷೆಯ ನಿಯಮವಾಗಿ ಉಳಿದುಬಿಟ್ಟಿತು. ಚುಟುಕು ಹೆಸರುಗಳಿಗೂ ಹೀಗೊಂದು ಪೂರ್ವಚರಿತ್ರೆ ಇದೆ. 1989ರ ಆನ್ಸಿ ಮಾನದಂಡ ಫೈಲಿನಾಚೆಗೆ ಹೋಗುವ ಹೆಸರಿನಲ್ಲಿ ಮೊದಲ ಆರು ಅಕ್ಷರಗಳಿಗೆ ಮಾತ್ರ ಖಾತರಿ ಕೊಟ್ಟಿತ್ತು. ಅದು 31ಕ್ಕೆ ಏರಿದ್ದು 1999ರ ಪರಿಷ್ಕರಣೆಯಲ್ಲಿ. ಗ್ಲೋಬಲಪ್ಪನವರು ಮಾತ್ರ ಇಂದಿಗೂ ಆರರಲ್ಲೇ ಸಂಸಾರ ನಡೆಸುತ್ತಿದ್ದಾರೆ.

ಅವರಿಗೆ ಸ್ಟ್ಯಾಟಿಕ್ ಗೊತ್ತಿಲ್ಲ ಎಂದುಕೊಳ್ಳಬೇಡಿ. ಇಂಟರ್‌ವ್ಯೂಗೆ ಬಂದ ಪ್ರತಿ ಹುಡುಗನಿಗೂ ಅವರು ಕೇಳುವ ಮೊದಲ ಪ್ರಶ್ನೆಯೇ ಅದು. ಫಂಕ್ಷನ್ನಿನ ಒಳಗೆ ಬರೆದರೆ ವೇರಿಯಬಲ್ಲಿನ ಹೆಸರು ಹೊರಗೆ ಕಾಣದು, ಆದರೆ ಬೆಲೆ ಒಂದು ಕರೆಯಿಂದ ಇನ್ನೊಂದು ಕರೆಯವರೆಗೆ ಉಳಿಯುತ್ತದೆ. ಫಂಕ್ಷನ್ನಿನ ಹೊರಗೆ ಬರೆದರೆ ಹೆಸರು ಫೈಲಿನ ಗಡಿ ದಾಟುವುದಿಲ್ಲ. ಫಂಕ್ಷನ್ನಿಗೇ ಹಚ್ಚಿದರೆ ಆ ಫಂಕ್ಷನ್ನೂ ಫೈಲಿನೊಳಗೇ ಉಳಿಯುತ್ತದೆ. ಈ ಮೂರನ್ನೂ ತಡವರಿಸದೆ ಹೇಳಿದವನಿಗೆ ಕೆಲಸ. ಸೇರಿದ ಮೊದಲ ವಾರದಲ್ಲೇ ಅವನು ತನ್ನ ವೇರಿಯಬಲ್ಲಿಗೆ ಸ್ಟ್ಯಾಟಿಕ್ ಹಚ್ಚಿದರೆ, “ಇದ್ಯಾಕಪ್ಪ ಇಲ್ಲಿ? ನನ್ನ ಮಾಡ್ಯೂಲಿಗೆ ಕಾಣ್ತಾ ಇಲ್ಲ, ತೆಗೆದುಹಾಕು” ಎಂಬ ಆದೇಶ ಬರುತ್ತದೆ. ಹಾಗಾದರೆ ಅಡ್ಡಿ ಎಲ್ಲಿದೆ? ಅವರ ಸಮರ್ಥನೆಗಳನ್ನು ಒಂದೊಂದಾಗಿ ನೋಡಿದರೆ ತಿಳಿಯುತ್ತದೆ.

ಮೊದಲನೆಯ ಸಮರ್ಥನೆ ಬಡತನದ್ದು. “ನೀವು ಗಿಗಾಬೈಟಿನಲ್ಲಿ ಹುಟ್ಟಿದವರು, ನಾವು 8051 ಚಿಪ್ಪಿನಲ್ಲಿ 128 ಬೈಟ್ ರ್‍ಯಾಮ್ ಇಟ್ಟುಕೊಂಡು ಪ್ರಾಡಕ್ಟ್ ಮಾಡಿದವರು” ಎನ್ನುತ್ತಾರೆ. 128 ಬೈಟ್ ಎಂಬುದು ನಿಜ, ಅಷ್ಟರಲ್ಲಿ ಪ್ರಾಡಕ್ಟ್ ಮಾಡಿದ್ದು ದೊಡ್ಡ ಮಾತು ಎಂಬುದೂ ನಿಜ. ಆದರೆ ಉಳಿತಾಯದ ಲೆಕ್ಕ ತಿರುಗುಮುರುಗಾಗಿದೆ. ಫೈಲಿನ ಮಟ್ಟದಲ್ಲಿ ಸ್ಟ್ಯಾಟಿಕ್ ಹಚ್ಚಿದ ವೇರಿಯಬಲ್ ಹಚ್ಚದ ವೇರಿಯಬಲ್ಲಿಗಿಂತ ಒಂದು ಬೈಟನ್ನೂ ಹೆಚ್ಚು ತಿನ್ನುವುದಿಲ್ಲ. ಎರಡೂ ರ್‍ಯಾಮಿನಲ್ಲಿ ಕೂರುವುದು ಒಂದೇ ರೀತಿಯ ಜಾಗದಲ್ಲಿ; ಬದಲಾಗುವುದು ಅದನ್ನು ಹೆಸರು ಹಿಡಿದು ಕರೆಯುವ ಹಕ್ಕು ಮಾತ್ರ. ಇನ್ನು ಫಂಕ್ಷನ್ನಿನ ಲೋಕಲ್ ವೇರಿಯಬಲ್ಲುಗಳ ವಿಷಯ. 8051ಕ್ಕೆ ಬರೆಯುವವರು ಹೆಚ್ಚಾಗಿ ಬಳಸಿದ ಕೈಲ್ ಕಂಪೈಲರ್ ಅವನ್ನು ಸ್ಟ್ಯಾಕಿನಲ್ಲಿ ಇಡುವುದಿಲ್ಲ. ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಎಂದು ನೋಡಿ, ಏಕಕಾಲಕ್ಕೆ ಜೀವಂತವಿರದ ಫಂಕ್ಷನ್ನುಗಳ ಲೋಕಲ್‌ಗಳಿಗೆ ಒಂದೇ ಜಾಗವನ್ನು ಹಂಚುತ್ತದೆ. ಅದೇ ವೇರಿಯಬಲ್ಲನ್ನು ಗ್ಲೋಬಲ್ ಮಾಡಿದರೆ ಕರೆಂಟ್ ಇರುವವರೆಗೂ ಜಾಗ ಬಿಟ್ಟುಕೊಡುವುದಿಲ್ಲ. ಅಂದರೆ ಇವರು ಬಡತನಕ್ಕೆ ಹೆದರಿ ಮಾಡಿದ ಉಳಿತಾಯವೇ ಬಡತನವನ್ನು ಹೆಚ್ಚಿಸಿತು.

ಎರಡನೆಯದು ಇಂಟರಪ್ಟಿನ ಸಮರ್ಥನೆ, ಮತ್ತು ಇದರಲ್ಲಿ ಹುರುಳಿದೆ. ಟೈಮರ್ ತಟ್ಟಿದಾಗ ತಾನಾಗಿ ಓಡುವ ಇಂಟರಪ್ಟ್ ಫಂಕ್ಷನ್ನಿಗೆ ಯಾರೂ ಆರ್ಗ್ಯುಮೆಂಟ್ ಕೊಡುವುದಿಲ್ಲ, ಅದು ಯಾರಿಗೂ ಬೆಲೆ ಮರಳಿಸುವುದಿಲ್ಲ. ಮೇನ್ ಲೂಪಿಗೂ ಅದಕ್ಕೂ ನಡುವೆ ಮಾತುಕತೆ ಆಗಬೇಕಾದರೆ ಇಬ್ಬರಿಗೂ ಕಾಣುವ ವೇರಿಯಬಲ್ ಬೇಕೇ ಬೇಕು. ಒಪ್ಪೋಣ. ಆದರೆ ಇಬ್ಬರಿಗೆ ಕಾಣಬೇಕು ಎನ್ನುವುದರಿಂದ ಇಡೀ ಊರಿಗೆ ಕಾಣಬೇಕು ಎಂದು ಹೇಗಾಯಿತು? ಇಂಟರಪ್ಟ್ ಫಂಕ್ಷನ್ನನ್ನೂ ಆ ವೇರಿಯಬಲ್ಲಿನ ಬೆಲೆ ಓದಿಕೊಡುವ ಪುಟ್ಟ ಫಂಕ್ಷನ್ನನ್ನೂ ಒಂದೇ ಫೈಲಿನಲ್ಲಿಟ್ಟರೆ ಸ್ಟ್ಯಾಟಿಕ್ ಜೊತೆಗೆ, ಪ್ರತಿ ಸಲವೂ ಬೆಲೆಯನ್ನು ಮೆಮೊರಿಯಿಂದಲೇ ಓದು ಎಂದು ಕಂಪೈಲರಿಗೆ ಹೇಳುವ ವೋಲಟೈಲ್ ಬರೆದರೆ ಸಾಕು. ಇಡೀ ಊರಿಗೆ ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಎಂಟು ಬಿಟ್ಟಿನ ಎವಿಆರ್ ಚಿಪ್ಪು ಒಳ್ಳೆಯ ಉದಾಹರಣೆ. ಹದಿನಾರು ಬಿಟ್ಟಿನ ಕೌಂಟರನ್ನು ಅದು ಎರಡು ಕಂತಿನಲ್ಲಿ ಓದಬೇಕು. ಕೌಂಟರ್ 255ರಲ್ಲಿರುವಾಗ ಕೆಳಗಿನ ಬೈಟ್ ಓದಿಯಾಯಿತು. ಅಷ್ಟರಲ್ಲಿ ಇಂಟರಪ್ಟ್ ಬಂದು ಅದನ್ನು 256 ಮಾಡಿತು. ಈಗ ಮೇಲಿನ ಬೈಟ್ ಓದಿದರೆ ಕೈಗೆ ಸಿಗುವುದು 255 ಅಲ್ಲ, 256 ಕೂಡ ಅಲ್ಲ, 511. ವೋಲಟೈಲ್ ಎಂದು ಬರೆದರೂ ಇದು ತಪ್ಪದು. ಓದುವಷ್ಟು ಹೊತ್ತು ಇಂಟರಪ್ಟ್ ತಡೆಯಬೇಕು. ಓದುವ ಫಂಕ್ಷನ್ ಒಂದೇ ಇದ್ದರೆ ಆ ಎಚ್ಚರಿಕೆಯನ್ನು ಒಂದು ಕಡೆ ಬರೆದು ಮುಗಿಸಬಹುದು. ನಲವತ್ತು ಫೈಲುಗಳು ನೇರವಾಗಿ ಕೈ ಹಾಕುತ್ತಿದ್ದರೆ ನಲವತ್ತು ಕಡೆ ಬರೆಯಬೇಕು, ಮೂವತ್ತೊಂಬತ್ತರಲ್ಲಿ ಬರೆದಿರುತ್ತಾರೆ. ಮದುವೆ ಮನೆಯ ಉಗ್ರಾಣ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀಗದ ಕೈ ಒಬ್ಬರ ಸೊಂಟದಲ್ಲಿದ್ದರೆ ಎಷ್ಟು ತುಪ್ಪ ಉಳಿದಿದೆ ಎಂದು ಕೇಳಬಹುದು. ಬಾಗಿಲು ತೆರೆದಿಟ್ಟರೆ ಪಾಯಸ ಬಡಿಸುವ ಹೊತ್ತಿಗೆ ಗೋಡಂಬಿ ಎಲ್ಲಿ ಹೋಯಿತು ಎಂಬುದಕ್ಕೆ ಸಾಕ್ಷಿಯೇ ಸಿಗುವುದಿಲ್ಲ.

ಮೂರನೆಯದು ಡಿಬಗ್ಗರಿನ ಮಾತು: ಗ್ಲೋಬಲ್ ಆದರೆ ಚಿಪ್ ಓಡುತ್ತಿರುವಾಗಲೇ ವಾಚ್ ವಿಂಡೋದಲ್ಲಿ ಬೆಲೆ ನೋಡಬಹುದು, ಲೋಕಲ್ ಆದರೆ ಫಂಕ್ಷನ್ ಮುಗಿದೊಡನೆ ಮಾಯ. ಇದರಲ್ಲಿ ಅರ್ಧ ಸತ್ಯವಿದೆ. ಸ್ಟ್ಯಾಟಿಕ್ ವೇರಿಯಬಲ್ಲಿಗೂ ಸ್ಥಿರವಾದ ವಿಳಾಸ ಇರುತ್ತದೆ, ಡಿಬಗ್ಗರಿಗೆ ಅದೂ ಕಾಣುತ್ತದೆ. ಲಿಂಕೇಜಿನ ಬೇಲಿ ಇರುವುದು ಬೇರೆ ಫೈಲುಗಳಿಗೆ, ಡಿಬಗ್ಗರಿಗಲ್ಲ. ವೇಗ ಹೋಗುತ್ತದೆ, ಫಂಕ್ಷನ್ ಕರೆದರೆ ಸೈಕಲ್ಲುಗಳು ವ್ಯರ್ಥ ಎಂಬ ಇನ್ನೊಂದು ಮಾತೂ ಇದೆ. ಸ್ಟ್ಯಾಟಿಕ್ ಎಂದು ಕಂಡಾಗ ಕರೆಯುವವರೆಲ್ಲ ಈ ಫೈಲಿನಲ್ಲೇ ಇದ್ದಾರೆ ಎಂದು ಕಂಪೈಲರಿಗೆ ಗೊತ್ತಾಗುತ್ತದೆ. ಚಿಕ್ಕ ಫಂಕ್ಷನ್ನನ್ನು ಅದು ಕರೆದಲ್ಲೇ ಹರಡಿಬಿಡಬಹುದು, ಯಾರೂ ಬಳಸದ್ದನ್ನು ಕಿತ್ತುಹಾಕಬಹುದು. ಎಲ್ಲವೂ ಎಕ್ಸ್‌ಟರ್ನಲ್ ಆದಾಗ ಯಾವ ಮೂಲೆಯಿಂದ ಯಾರು ಕರೆಯುತ್ತಾರೋ ಎಂದು ಅದೂ ಹೆದರಿ ಸುಮ್ಮನಿರುತ್ತದೆ, ಹೊಸ ಹುಡುಗಿಯ ಹಾಗೆಯೇ.

ಇಷ್ಟೆಲ್ಲ ಆದರೂ “ಕೆಲಸ ಮಾಡ್ತಾ ಇದೆಯಲ್ಲ” ಎಂಬ ಬ್ರಹ್ಮಾಸ್ತ್ರ ಉಳಿದಿರುತ್ತದೆ. ಹೌದು, ಮಾಡುತ್ತಿದೆ, ಆದರೆ ಯಾವುದರ ದಯೆಯಿಂದ ಎಂದು ನೋಡಬೇಕು. ಒಂದು ಫೈಲಿನಲ್ಲಿ ಹದಿನಾರು ಬಿಟ್ಟಿನದು ಎಂದು ಬರೆದು, ಇನ್ನೊಂದರಲ್ಲಿ ಅದೇ ಹೆಸರನ್ನು ಎಂಟು ಬಿಟ್ಟಿನದು ಎಂದು ಎಕ್ಸ್‌ಟರ್ನ್ ಮಾಡಿಕೊಂಡರೆ, ಫೈಲುಗಳನ್ನು ಜೋಡಿಸುವ ಲಿಂಕರ್ ಸಾಮಾನ್ಯವಾಗಿ ತುಟಿ ಬಿಚ್ಚುವುದಿಲ್ಲ. ಅದು ಹೆಸರು ಹೊಂದಿತೇ ಎಂದು ನೋಡುತ್ತದೆ, ಬಗೆ ಹೊಂದಿತೇ ಎಂದಲ್ಲ. ಎರಡು ಫೈಲುಗಳಲ್ಲಿ ಇಬ್ಬರು ಬೇರೆ ಬೇರೆ ಉದ್ದೇಶಕ್ಕೆ ಕೌಂಟ್ ಎಂದು ಹೆಸರಿಟ್ಟು ಆರಂಭದ ಬೆಲೆ ಕೊಡದೆ ಬಿಟ್ಟಿದ್ದರೆ ಜಿಸಿಸಿ ಕಂಪೈಲರ್ ವರ್ಷಗಟ್ಟಲೆ ಅವೆರಡನ್ನೂ ಒಂದೇ ವೇರಿಯಬಲ್ ಮಾಡಿ ಸದ್ದಿಲ್ಲದೆ ಬೆಸೆಯುತ್ತಿತ್ತು. 2020ರಲ್ಲಿ ಬಂದ ಹತ್ತನೆಯ ಆವೃತ್ತಿ ಆ ಔದಾರ್ಯವನ್ನು ಡಿಫಾಲ್ಟಾಗಿ ನಿಲ್ಲಿಸಿತು. ಅಲ್ಲಿಯವರೆಗೆ ‘ಕೆಲಸ ಮಾಡುತ್ತಿದ್ದ’ ಅನೇಕ ಪ್ರೋಗ್ರಾಮುಗಳು ಮಲ್ಟಿಪಲ್ ಡೆಫಿನಿಷನ್ ಎಂದು ಕೂಗತೊಡಗಿದವು. ಗ್ಲೋಬಲಪ್ಪನವರ ತೀರ್ಪು: ಹೊಸ ಕಂಪೈಲರ್ ಕೆಟ್ಟಿದೆ, ಹಳೆಯದನ್ನೇ ಹಾಕಿ.

ಎಚ್ಚರಿಕೆ ಹೇಳಿದವರು ಇರಲಿಲ್ಲವೆಂದಲ್ಲ. ಕೆರ್ನಿಹನ್ ಮತ್ತು ರಿಚಿಯವರ ಸಿ ಪುಸ್ತಕ ಬಂದದ್ದು 1978ರಲ್ಲಿ. ಗ್ಲೋಬಲ್ ವೇರಿಯಬಲ್ ಹಾನಿಕರ ಎಂದು ವಿಲಿಯಂ ವುಲ್ಫ್ ಮತ್ತು ಮೇರಿ ಶಾ ಲೇಖನ ಬರೆದದ್ದು ಅದಕ್ಕೂ ಐದು ವರ್ಷ ಮೊದಲು. ವಾಹನಗಳ ಸಾಫ್ಟ್‌ವೇರಿಗೆಂದು 1998ರಲ್ಲಿ ಶುರುವಾದ ಮಿಸ್ರಾ ನಿಯಮಾವಳಿಯ 2012ರ ಆವೃತ್ತಿಯಲ್ಲಿ, ಒಂದೇ ಫೈಲಿನಲ್ಲಿ ಬಳಸುವುದಕ್ಕೆ ಎಕ್ಸ್‌ಟರ್ನಲ್ ಲಿಂಕೇಜ್ ಕೊಡಬೇಡಿ, ಒಂದೇ ಫಂಕ್ಷನ್ನಿನಲ್ಲಿ ಬಳಸುವುದನ್ನು ಅದರೊಳಗೇ ಇಡಿ ಎಂಬ ಎರಡು ನಿಯಮಗಳಿವೆ. ಎರಡೂ ಸಲಹೆಯ ದರ್ಜೆಯವು. ಸಲಹೆಯನ್ನು ಗ್ಲೋಬಲಪ್ಪನವರು ಆದರದಿಂದ ಕೇಳಿ ಪಕ್ಕಕ್ಕಿಡುತ್ತಾರೆ. 2013ರಲ್ಲಿ ಅಮೆರಿಕದ ಓಕ್ಲಹೋಮಾದ ನ್ಯಾಯಾಲಯದಲ್ಲಿ ಟೊಯೋಟಾ ಕ್ಯಾಮ್ರಿ ಕಾರಿನ ಅಪಘಾತದ ಮೊಕದ್ದಮೆ ನಡೆದಾಗ, ಥ್ರಾಟಲ್ ಸಾಫ್ಟ್‌ವೇರಿನಲ್ಲಿ ಸುಮಾರು ಹತ್ತು ಸಾವಿರ ಗ್ಲೋಬಲ್ ವೇರಿಯಬಲ್ಲುಗಳಿವೆ ಎಂಬುದು ಪರಿಣತರ ಸಾಕ್ಷ್ಯದಲ್ಲಿ ಚರ್ಚೆಗೆ ಬಂತು. ಅಪಘಾತಕ್ಕೆ ಅವೇ ಕಾರಣ ಎನ್ನಲಾಗದು. 2011ರಲ್ಲಿ ಪ್ರಕಟವಾದ ನಾಸಾ ಪರಿಶೀಲನೆ, ಟೊಯೋಟಾ ಕಾರುಗಳು ತಾವಾಗಿ ವೇಗ ಹೆಚ್ಚಿಸಿಕೊಂಡವು ಎಂಬ ಘಟನೆಗಳಿಗೆ ಎಲೆಕ್ಟ್ರಾನಿಕ್ಸೇ ಕಾರಣ ಎಂಬುದಕ್ಕೆ ಪುರಾವೆ ಕಂಡಿರಲಿಲ್ಲ. ಆದರೆ ಹತ್ತು ಸಾವಿರ ತೆರೆದ ಹೆಸರುಗಳಿರುವ ಕಡೆ ಕಾರಣ ಇದೆ ಎಂದಾಗಲಿ ಇಲ್ಲ ಎಂದಾಗಲಿ ಆಣೆ ಮಾಡಿ ಹೇಳುವುದು ಕಷ್ಟ. ಗ್ಲೋಬಲ್‌ನ ಮುಖ್ಯ ದೋಷವೇ ಇದು: ತಪ್ಪು ಮಾಡುವುದಕ್ಕಿಂತ ಹೆಚ್ಚಾಗಿ ಅದು ತಪ್ಪನ್ನು ಹುಡುಕಲು ಬಿಡುವುದಿಲ್ಲ.

ಇದನ್ನು ಓದಿ ಹುರುಪೇರಿದ ಯುವಕರಿಗೂ ಒಂದು ಮಾತು. ಪ್ರತಿ ಫ್ಲ್ಯಾಗಿಗೂ ಸ್ಟ್ಯಾಟಿಕ್ ಹಚ್ಚಿ, ಗೆಟ್-ಫ್ಲ್ಯಾಗ್, ಸೆಟ್-ಫ್ಲ್ಯಾಗ್ ಎಂಬ ಜೋಡಿ ಫಂಕ್ಷನ್ ಬರೆದು ಎಲ್ಲರಿಗೂ ಹಂಚಿದರೆ ಅದು ಪಂಚೆ ಬಿಟ್ಟು ಪ್ಯಾಂಟು ತೊಟ್ಟ ಗ್ಲೋಬಲ್, ಅಷ್ಟೇ. ಕೇಳಬೇಕಾದ ಪ್ರಶ್ನೆ ಹೆಸರು ಕಾಣುತ್ತದೆಯೇ ಎಂಬುದಷ್ಟೇ ಅಲ್ಲ. ಬೆಲೆ ಬದಲಿಸುವ ಹಕ್ಕು ಯಾರದು ಎಂಬುದೂ ಹೌದು.

ಎಲ್ಲ ಸಮರ್ಥನೆಗಳೂ ಹೀಗೆ ಬಿದ್ದ ಮೇಲೆ ಉಳಿಯುವ ಕಾರಣ ಒಂದೇ. ಗ್ಲೋಬಲಪ್ಪನವರ ಪ್ರೋಗ್ರಾಮಿನಲ್ಲಿ ಹೆಸರುಗಳಿಗೆಲ್ಲ ಎಕ್ಸ್‌ಟರ್ನಲ್ ಲಿಂಕೇಜ್. ಅರ್ಥಕ್ಕೆ ಮಾತ್ರ ಇಂಟರ್ನಲ್ ಲಿಂಕೇಜ್, ಅದೂ ಅವರ ತಲೆಯೊಳಗೆ. ಫ್ಲ್ಯಾಗ್3 ಎಲ್ಲರಿಗೂ ಕಾಣುತ್ತದೆ, ಅದೇನೆಂದು ಒಬ್ಬರಿಗೇ ಗೊತ್ತು. ಅವರು ಮಗಳ ಮದುವೆಗೆ ರಜೆ ಹಾಕಿದರೆ ರಿಲೀಸ್ ಮುಂದಕ್ಕೆ ಹೋಗುತ್ತದೆ, ಅಪ್ರೈಸಲ್‌ನಲ್ಲಿ ‘ಅನಿವಾರ್ಯ’ ಎಂಬ ಪದ ಬೀಳುತ್ತದೆ. ಇದು ಕುತಂತ್ರವಲ್ಲ, ಸಿ ಭಾಷೆಯ ಡಿಫಾಲ್ಟೂ ಕಂಪನಿಗಳ ಡಿಫಾಲ್ಟೂ ಸೇರಿ ಮಾಡಿದ ಏರ್ಪಾಡು. ಆದ್ದರಿಂದ ಪರಿಹಾರವೂ ಅವರನ್ನು ಗೇಲಿ ಮಾಡುವುದರಲ್ಲಿಲ್ಲ. ಮುಂದಿನ ರಿಲೀಸಿಗೆ ಮೊದಲು ಫೈಲಿನ ಮಟ್ಟದ ಪ್ರತಿ ವೇರಿಯಬಲ್ಲಿಗೂ ಒಮ್ಮೆ ಸ್ಟ್ಯಾಟಿಕ್ ಹಚ್ಚಿ ಬಿಲ್ಡ್ ಮಾಡಿ. ಕಂಪೈಲರೋ ಲಿಂಕರೋ ಯಾವುದಕ್ಕೆ ತಕರಾರು ತೆಗೆಯುತ್ತದೋ ಅಷ್ಟನ್ನೇ ಹೊರಗೆ ಬಿಡಿ, ಮತ್ತು ಹೊರಗೆ ಬಿಟ್ಟ ಪ್ರತಿಯೊಂದರ ಪಕ್ಕದಲ್ಲೂ ಅದನ್ನು ಬರೆಯುವವರು ಯಾರು, ಓದುವವರು ಯಾರು ಎಂದು ಒಂದು ಸಾಲು ಬರೆಯಿರಿ. ಆ ಸಾಲನ್ನು ಗ್ಲೋಬಲಪ್ಪನವರ ಕೈಯಿಂದಲೇ ಬರೆಸಿ, ಅವರು ರಿಟೈರ್ ಆಗುವುದರೊಳಗೆ.