ಕೊನೆಗೌಡನ ಪ್ಯಾಕೇಜು

ದೇಶದ ಉದ್ಯೋಗ ಮಾರುಕಟ್ಟೆಯ ಸ್ಥಿತಿ ತಿಳಿಯಬೇಕಾದವರು ಸಮೀಕ್ಷೆ ಓದಿ ಕಣ್ಣು ಕೆಡಿಸಿಕೊಳ್ಳುವುದು ಬೇಡ. ಭಟ್ಕಳದ ಮುಟ್ಟಳ್ಳಿಯಿಂದ ಹೊನ್ನಾವರ, ಕುಮಟೆಯ ತನಕ ಯಾವುದಾದರೂ ತೋಟದ ಮನೆಯ ಜಗಲಿಯಲ್ಲಿ, ಅಡಿಕೆ ಕೊಯ್ಲಿನ ಹೊತ್ತಿಗೆ, ಅರ್ಧ ತಾಸು ಕೂತರೆ ಸಾಕು. ಮೇಲೆ ಅಡಿಕೆ ಕೊನೆ ಹಣ್ಣಾಗಿ ಉದುರುತ್ತಿರುತ್ತದೆ, ಕೆಳಗೆ ಯಜಮಾನರು ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನನ್ನು ಫೋನಿನಲ್ಲಿ ಅಂಗಲಾಚುತ್ತಿರುತ್ತಾರೆ.

"ಗೌಡ್ರೆ, ನಾಳೆ ಒಂದ್ಸಲ ಬಂದು ಹೋಗಿ ಮಾರಾಯ್ರೆ."

"ನಾಳಿಗೆ ಆಗೂದಿಲ್ರಾ ಭಟ್ರೆ. ನಾಡಿದ್ದು ನೋಡ್ವ."

ಆ ನಾಡಿದ್ದು ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ.

ದೊಡ್ಡ ಐಟಿ ಕಂಪನಿಗಳು ಹೊಸ ಎಂಜಿನಿಯರನಿಗೆ ಹದಿನೈದು ವರ್ಷದ ಹಿಂದೆ ಕೊಡುತ್ತಿದ್ದುದು ವರ್ಷಕ್ಕೆ 3 ಲಕ್ಷದ ಆಸುಪಾಸು. ಈಗಲೂ ಅದು 3ರಿಂದ 4 ಲಕ್ಷದ ನಡುವೆಯೇ ತೆವಳುತ್ತಿದೆ. ಉದ್ಯೋಗ ಖಾತ್ರಿ ಕೂಲಿ ನಮ್ಮ ರಾಜ್ಯದಲ್ಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಕೊನೆಗೌಡನ ಕೂಲಿ ಮಾತ್ರ ಅವನ ಹಾಗೆಯೇ, ಮೇಲೆ ಮೇಲೆ ಹೋಗುತ್ತಲೇ ಇದೆ. "ದಿನಕ್ಕೆ ಎರಡು ಸಾವಿರವಂತೆ!" ಎಂದು ಮದುವೆ ಮನೆಯ ಪಂಕ್ತಿಯಲ್ಲಿ ಒಬ್ಬರು ಹೇಳಿದರೆ, ಪಾಯಸ ಬಡಿಸಿಕೊಳ್ಳುತ್ತಿದ್ದ ಇನ್ನೊಬ್ಬರು ಬಾಯಲ್ಲೇ ಗುಣಿಸುತ್ತಾರೆ: "ಅಂದ್ರೆ ತಿಂಗಳಿಗೆ ಅರವತ್ತು ಸಾವಿರ. ನಮ್ಮ ಮಾಣಿಗೆ ಬೆಂಗಳೂರಲ್ಲಿ ಅಷ್ಟಿಲ್ಲ!"

ಲೆಕ್ಕ ಸರಿ, ಕ್ಯಾಲೆಂಡರ್ ತಪ್ಪು. ಮಳೆಗಾಲದ ಮೊದಲಿಗೆ ಬೋರ್ಡೋ ದ್ರಾವಣ ಹೊಡೆಯಲು ಕೆಲವು ದಿನ, ಕೊಳೆರೋಗ ಜೋರಾದರೆ ನಡುವೆ ಬಿಸಿಲು ಕಂಡ ನಾಲ್ಕು ದಿನ, ಆಮೇಲೆ ಚಳಿಗಾಲದ ಕೊಯ್ಲು. ಮಿಕ್ಕ ತಿಂಗಳಲ್ಲಿ ಮರ ಅವನನ್ನು ಕರೆಯುವುದಿಲ್ಲ, ಯಜಮಾನರೂ ಕರೆಯುವುದಿಲ್ಲ. ಕೊಯ್ಲಿನಲ್ಲಿ 'ಗೌಡ್ರೆ' ಆದವನು ಯುಗಾದಿ ಕಳೆದ ಮೇಲೆ ಮತ್ತೆ 'ಏ ಗೌಡ' ಆಗುತ್ತಾನೆ. ಪಂಕ್ತಿಯ ಗಣಿತಜ್ಞರು ಇನ್ನೊಂದನ್ನೂ ಗುಣಿಸುವುದಿಲ್ಲ: ಐವತ್ತು, ಅರವತ್ತು ಅಡಿಯ ತೆಳ್ಳನೆ ಮರದ ತುದಿಯಲ್ಲಿ ಕಾಲು ಒತ್ತಿ ನಿಂತು, ಮರವನ್ನೇ ಬಾಗಿಸಿ, ಪಕ್ಕದ ಮರವನ್ನು ಕೈಯಿಂದ ಎಳೆದುಕೊಂಡು, ಇಳಿಯದೆಯೇ ದಾಟುವುದು. ಆ ದಾಟುವ ಕ್ಷಣದಲ್ಲಿ ಮನುಷ್ಯ ಯಾವ ಮರದವನೂ ಅಲ್ಲ. ಮಂಡಿ ಸವೆದ ಮೇಲೆ ಅವನಿಗೆ ಪಿಂಚಣಿಯಾಗಿ ಬರುವುದು ಮಂಡಿ ನೋವೊಂದೇ.

ಸರ್ಕಾರ ಸುಮ್ಮನೆ ಕೂತಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲೇ 'ತೆಂಗಿನ ಮರದ ಸ್ನೇಹಿತರು' ಎಂಬ ತರಬೇತಿ ಆರಂಭಿಸಿ, ಮರ ಹತ್ತುವ ಯಂತ್ರ ಕೈಗೆ ಕೊಟ್ಟಿತು. 'ಕೇರ ಸುರಕ್ಷಾ' ವಿಮೆಯೂ ಇದೆ, ಕಂತಿನ ಬಹುಪಾಲು ಮಂಡಳಿಯದೇ. ಒಂದೇ ತೊಡಕು: ನಮ್ಮ ಕರಾವಳಿಯ ಗೌಡ ಬೆಳಿಗ್ಗೆ ತೆಂಗು ಹತ್ತಿ ಮಧ್ಯಾಹ್ನ ಅಡಿಕೆ ಹತ್ತುತ್ತಾನೆ. ಆದ್ದರಿಂದ ಬೀಳುವುದಾದರೆ ಊಟಕ್ಕೆ ಮುಂಚೆ ಬೀಳುವುದು ಕ್ಷೇಮ. ಅಡಿಕೆ ಮರದಿಂದ ಬಿದ್ದರೆ ಅದು ಬೇರೆ ಇಲಾಖೆ, ಬೇರೆ ಅರ್ಜಿ, ಬೇರೆ ಗುಮಾಸ್ತರ ಊಟದ ಹೊತ್ತು.

ಯಂತ್ರದ ಸುದ್ದಿಯೂ ಕಡಿಮೆಯಿಲ್ಲ. 2019ರಲ್ಲಿ ಬಂಟ್ವಾಳದ ಕೋಮಲೆ ಗಣಪತಿ ಭಟ್ಟರು ಮರ ಏರುವ ಬೈಕು ಮಾಡಿದಾಗ ದೇಶವೇ ಮೊಬೈಲಿನಲ್ಲಿ ನೋಡಿತು. ನೋಡಿದವರೆಲ್ಲ ಹಂಚಿದರು, ಹಂಚಿದವರಲ್ಲಿ ಹತ್ತಿದವರು ಕಡಿಮೆ. ಆಮೇಲೆ ಕಾರ್ಬನ್ ಫೈಬರ್ ದೋಟಿ ಬಂತು. ನೆಲದ ಮೇಲೆ ನಿಂತೇ ಕೊಯ್ಯಬಹುದು, ಔಷಧ ಹೊಡೆಯಬಹುದು. ಒಳ್ಳೆಯದೇ. ಆದರೆ ದಿನವಿಡೀ ಕತ್ತು ಮೇಲೆತ್ತಿ ಅದನ್ನು ಆಡಿಸಲು ಪಳಗಿದ ಕೈ ಬೇಕಾಗಿ, ಯಜಮಾನರು ಮತ್ತೆ ಫೋನು ಹಚ್ಚುತ್ತಾರೆ: "ಗೌಡ್ರೆ, ದೋಟಿ ಹಿಡೀಲಿಕ್ಕೆ ಬರ್ತ್ರಾ?"

ಇಷ್ಟು ಬೇಡಿಕೆಯ ಕಸುಬಿಗೆ ಹುಡುಗರು ಯಾಕೆ ಬರುವುದಿಲ್ಲ ಎಂದು ವಿಚಾರ ಸಂಕಿರಣಗಳಲ್ಲಿ ಚಿಂತೆ ನಡೆಯುತ್ತದೆ. ಭಾಷಣ ಮಾಡುವ ಮಹನೀಯರ ಮಗ ಬೆಂಗಳೂರಲ್ಲಿ. ಗೌಡನ ಮಗ ಮಾತ್ರ ಮರದ ಮೇಲಿರಬೇಕು, ಕುಲಕಸುಬು ನೋಡಿ! ಅವನೂ ಜಾಣ. ಭಟ್ಕಳದ ಸ್ಟೇಷನ್ನಿನಲ್ಲಿ ರೈಲು ಹತ್ತಿ ಗೋವಾಕ್ಕೋ ಮುಂಬೈಗೋ ಹೋಗಿ, ಗೌಡನ ಅರ್ಧ ಕೂಲಿಗೆ ಹೋಟೆಲಿನಲ್ಲಿ ದುಡಿಯುತ್ತಾನೆ. ಅಲ್ಲಿದ್ದರೆ ಹೆಣ್ಣು ಕೊಡುತ್ತಾರೆ. ತೋಟದ ಯಜಮಾನರ ಮಕ್ಕಳಿಗೇ ಹೆಣ್ಣು ಸಿಗದ ಸೀಮೆಯಲ್ಲಿ ಮರ ಹತ್ತುವವನ ಬಯೋಡಾಟಾ ಯಾರು ತೆರೆಯುತ್ತಾರೆ? ಕ್ವಿಂಟಲಿಗೆ 40 ಸಾವಿರ ದಾಟಿದ ಅಡಿಕೆಯನ್ನು 'ಇನ್ನೂ ಏರಲಿ' ಎಂದು ಅಟ್ಟದ ಮೇಲೆ ಇಟ್ಟುಕೊಂಡವರೇ ಗೌಡನ ಕೂಲಿ ನೂರು ರೂಪಾಯಿ ಏರಿದರೆ 'ಕಾಲ ಕೆಟ್ಟಿತು' ಎನ್ನುತ್ತಾರೆ.

ಈಗ ಕಂಪನಿ ಮನೆಗೆ ಕಳಿಸಿದ ಮಾಣಿಯೊಬ್ಬ ಜಗಲಿಯಲ್ಲಿ ಲ್ಯಾಪ್‌ಟಾಪು ಬಿಚ್ಚಿ ಕೂತು ಕೊನೆಗೌಡರನ್ನು ಬುಕ್ ಮಾಡುವ ಆ್ಯಪ್ ಬರೆಯುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಗೌಡನಿಗೆ ಐದು ನಕ್ಷತ್ರದ ರೇಟಿಂಗ್, ತಡವಾದರೆ ದಂಡ, ಎಲ್ಲ ಉಂಟು. ತೋರಿಸಿದರೆ ಗೌಡ ಕವಳ ಉಗಿದು ಬಂದು, ಪರದೆಯನ್ನು ಬಗ್ಗಿ ನೋಡಿ ಕೇಳುತ್ತಾನೆ: "ಚಲೋ ಅದೆ ತಮ್ಮಾ. ಅಪ್ಪಯ್ಯ ಹ್ವಾದ ವರ್ಷದ ಬಾಕಿ ಕೊಡೂದಿತ್ತು, ಅದು ಎಲ್ಲಿ ಒತ್ತಬೇಕು?"